ಬಿಸಿನೀರಿನ ಮೂರ್ಛೆ ಮತ್ತು ವಿಳಾಸ ಬಲ್ಲ ವೈರಸ್

ಕಪಿಲಾ ನದಿ ನಂಜನಗೂಡನ್ನು ದಾಟಿ, ಸುತ್ತೂರಿನ ಮಗ್ಗುಲಲ್ಲಿ ಹರಿದು, ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಈ ದಾರಿಯುದ್ದಕ್ಕೂ ಇರುವ ಯಾವುದಾದರೂ ಊರಿನ ಒಂದು ಬಚ್ಚಲುಮನೆಯನ್ನು ನೆನಪಿಗೆ ತಂದುಕೊಳ್ಳಿ. ತಲೆಸ್ನಾನದ ದಿನ. ಒಲೆಯ ಮೇಲೆ ಹಂಡೆ, ಹಂಡೆಯ ತುಂಬ ಹಬೆಯಾಡುವ ನೀರು, ತಲೆಗೆ ಎಣ್ಣೆ, ಪಕ್ಕದಲ್ಲಿ ಸೀಗೆಪುಡಿ. ನೆತ್ತಿಯ ಮೇಲೆ ಚೊಂಬಿನ ಹಿಂದೆ ಚೊಂಬು ನೀರು ಬೀಳುತ್ತದೆ. ನಿಮಗೂ ನನಗೂ ಇದಕ್ಕಿಂತ ಹಿತವಾದದ್ದು ಮತ್ತೊಂದಿಲ್ಲ.

ಆದರೆ ಇಲ್ಲಿಯ ಕೆಲವು ಮನೆಗಳಲ್ಲಿ ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬನಿಗೆ ಮೂರನೆಯದೋ ನಾಲ್ಕನೆಯದೋ ಚೊಂಬಿಗೆ ಕಣ್ಣು ನೆಟ್ಟ ಹಾಗೆ ನಿಂತುಬಿಡುತ್ತದೆ. ಕೂಗಿದರೆ ಓಗೊಡುವುದಿಲ್ಲ. ಏನೋ ತೊದಲುತ್ತಾನೆ. ಕೆಲವೊಮ್ಮೆ ಕೈ ಮಾತ್ರ ತನ್ನಷ್ಟಕ್ಕೆ ತಾನೇ ನೀರು ಮೊಗೆದು ಸುರಿದುಕೊಳ್ಳುತ್ತಲೇ ಇರುತ್ತದೆ. ಕೆಲವರು ಬಿದ್ದು ಕೈಕಾಲು ಸೆಳೆಯುತ್ತಾರೆ. ಮನೆಯವರು ಬೀಗದ ಕೈಯನ್ನು ಅಂಗೈಗೆ ತುರುಕುತ್ತಾರೆ. ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸುತ್ತಾರೆ. ಒಂದೆರಡು ನಿಮಿಷದಲ್ಲಿ ಹುಡುಗ ತಾನಾಗಿ ಎಚ್ಚರಗೊಳ್ಳುತ್ತಾನಾದ್ದರಿಂದ ಬೀಗದ ಕೈಗೂ ತಾಯಿತಕ್ಕೂ ಪುಕ್ಕಟೆ ಕೀರ್ತಿ ಬರುತ್ತದೆ.

ಇದು ಬಿಸಿನೀರಿನ ಮೂರ್ಛೆ. ಸುಮಾರು 40ರಿಂದ 50 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ತಲೆಯ ಮೇಲೆ ಬೇಗ ಬೇಗ ಬಿದ್ದಾಗ ಮಾತ್ರ ಬರುವ ಒಂದು ಬಗೆಯ ಅಪಸ್ಮಾರ. ಜಗತ್ತಿನ ವೈದ್ಯ ಸಾಹಿತ್ಯದಲ್ಲಿ ಇದರ ಮೊದಲ ವರದಿ ಬಂದದ್ದು 1945ರಲ್ಲಿ, ದೂರದ ನ್ಯೂಜಿಲೆಂಡಿನಿಂದ, ಒಬ್ಬನೇ ಒಬ್ಬ ಹುಡುಗನ ಬಗ್ಗೆ. ಅದು ಎಲ್ಲೋ ಒಂದು ವಿಚಿತ್ರವೆಂದೇ ಎಣಿಸಲಾಗಿತ್ತು. 1972ರಲ್ಲಿ ಬೆಂಗಳೂರಿನ ನರರೋಗ ತಜ್ಞ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಒಟ್ಟಿಗೇ 60 ರೋಗಿಗಳ ವಿವರ ಪ್ರಕಟಿಸಿದಾಗ ಈ ರೋಗದ ತವರು ಎಲ್ಲಿದೆ ಎಂಬುದು ತಿಳಿಯಿತು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಂಗಡಿಗರು 279 ರೋಗಿಗಳನ್ನು ಅಧ್ಯಯನ ಮಾಡಿ ವರದಿ ಮಾಡಿದರು. ನರಸೀಪುರಕ್ಕೆ ನೆರೆಯ ಯಳಂದೂರಿನಲ್ಲಿ ಮನೆಮನೆಗೆ ಹೋಗಿ ನಡೆಸಿದ ಸಮೀಕ್ಷೆಯಲ್ಲಿ ಲಕ್ಷ ಜನರಿಗೆ 255ರಂತೆ ಬಿಸಿನೀರಿನ ಮೂರ್ಛೆಯವರು ಸಿಕ್ಕರು. ಬೆಂಗಳೂರು ಸುತ್ತಿನ ಇಂಥದೇ ಸಮೀಕ್ಷೆಯಲ್ಲಿ ಸಿಕ್ಕಿದ್ದು ಲಕ್ಷಕ್ಕೆ 60. ಟರ್ಕಿ, ಜಪಾನ್ ಮೊದಲಾದ ದೇಶಗಳಿಂದಲೂ ವರದಿಗಳಿವೆ. ಆದರೂ ಹಳೆಯ ಮೈಸೂರು ಸೀಮೆಯಷ್ಟು ರೋಗಿಗಳು ಬೇರೆಡೆ ಕಂಡುಬಂದಿಲ್ಲ.

ನೀರು ತಲೆಯ ಹೊರಗೆ ಬೀಳುತ್ತದೆ. ಮೂರ್ಛೆ ಹುಟ್ಟುವುದು ಒಳಗೆ. ಒಳಗೆ ಏನಾಗುತ್ತದೆ? ಅದನ್ನು ತಿಳಿದರೆ, ಈ ಕಾಲದ ಒಂದು ದೊಡ್ಡ ಪ್ರಯತ್ನವೂ ನಿಮಗೆ ತಾನಾಗಿ ಅರ್ಥವಾಗುತ್ತದೆ: ಮಿದುಳಿನ ಇಂಥದೇ ಜೀವಕೋಶಕ್ಕೆ, ಇಂಥದೇ ಜೀನನ್ನು, ವೈರಸ್ಸಿನ ಕೈಯಲ್ಲಿ ಕೊಟ್ಟು ಕಳುಹಿಸುವ ಪ್ರಯತ್ನ.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಇವುಗಳಲ್ಲಿ ಮುಖ್ಯವಾಗಿ ಎರಡು ಪಂಗಡ. ಒಂದು, ಪಕ್ಕದ ಕೋಶವನ್ನು ಪ್ರಚೋದಿಸುವವು. ಗ್ಲುಟಮೇಟ್ ಎಂಬ ರಾಸಾಯನಿಕ ಇವುಗಳ ಭಾಷೆ. ಇನ್ನೊಂದು, ಪಕ್ಕದ ಕೋಶವನ್ನು ಸುಮ್ಮನಿರಿಸುವವು. ಇವುಗಳ ಭಾಷೆ ಗಾಬಾ ಎಂಬ ರಾಸಾಯನಿಕ. ಮಿದುಳಿನ ಹೊರಪದರದಲ್ಲಿ ಸುಮ್ಮನಿರಿಸುವ ಕೋಶಗಳು ಐದರಲ್ಲಿ ಒಂದು ಪಾಲು ಮಾತ್ರ. ಆದರೆ ಆ ಒಂದು ಪಾಲು ಸೋತರೆ ಉಳಿದ ನಾಲ್ಕು ಪಾಲು ಒಟ್ಟಾಗಿ ಕೂಗತೊಡಗುತ್ತವೆ. ಸಾವಿರಾರು ನರಕೋಶಗಳು ಒಂದೇ ಲಯದಲ್ಲಿ ಹೀಗೆ ಕೂಗುವುದೇ ಮೂರ್ಛೆ. ನಿಮ್ಹಾನ್ಸ್‌ನ ಸಂಶೋಧಕರು 1996ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಇಲಿಗಳ ತಲೆಯ ಮೇಲೆ ಬಿಸಿನೀರು ಹಾಯಿಸಿದಾಗ, ಮೈಯ ಉಷ್ಣತೆ ಏರಿ, ಅವುಗಳಿಗೂ ಮೂರ್ಛೆ ಬಂತು. ದೇಹದ ಉಷ್ಣ ನಿಯಂತ್ರಣದಲ್ಲಿ ಹುಟ್ಟಿನಿಂದ ಬಂದ ದೋಷವಿರುವವರಿಗೆ ಹೀಗಾಗುತ್ತದೆ, ಮತ್ತೆ ಮತ್ತೆ ಬಿಸಿ ತಗುಲಿದಂತೆ ಮಿದುಳು ಮೂರ್ಛೆಗೆ ಪಳಗುತ್ತದೆ ಎಂಬುದು ಅವರ ವಾದ.

ದೋಷ ಹುಟ್ಟಿನಿಂದ ಬರುವುದಾದರೆ ಅದು ವಂಶದಲ್ಲಿ ಹರಿಯಬೇಕಲ್ಲವೇ? ಹೌದು. ಅಪ್ಪನಿಗಿದ್ದದ್ದು ಮಗನಿಗೆ, ಅಜ್ಜಿಗಿದ್ದದ್ದು ಮೊಮ್ಮಗಳಿಗೆ ಬಂದ ಮನೆತನಗಳು ಈ ಸೀಮೆಯಲ್ಲಿವೆ. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಪ್ರೊ. ಅನುರಂಜನ್ ಆನಂದ್ ಅವರ ತಂಡ ನಿಮ್ಹಾನ್ಸ್‌ನೊಡನೆ ಸೇರಿ ಅಂಥ ಕುಟುಂಬಗಳ ರಕ್ತವನ್ನು ಪರೀಕ್ಷಿಸಿತು. 2009ರಲ್ಲಿ 10ನೇ ವರ್ಣತಂತುವಿನ ಒಂದು ಭಾಗ ಮತ್ತು 4ನೇ ವರ್ಣತಂತುವಿನ ಒಂದು ಭಾಗ ಬೇರೆ ಬೇರೆ ಕುಟುಂಬಗಳಲ್ಲಿ ಈ ರೋಗದೊಡನೆ ಹರಿಯುತ್ತಿರುವುದು ಕಂಡಿತು. 2017ರಲ್ಲಿ ಎಸ್ಎಲ್‌ಸಿ1ಎ1 ಎಂಬ ಜೀನಿನ ಅಪರೂಪದ ರೂಪಭೇದಗಳು ಕೆಲವು ರೋಗಿಗಳಲ್ಲಿ ಸಿಕ್ಕವು. ಈ ಜೀನು ತಯಾರಿಸುವ ಪ್ರೋಟೀನಿನ ಕೆಲಸ, ಹೊರಗೆ ಚೆಲ್ಲಿದ ಗ್ಲುಟಮೇಟನ್ನು ನರಕೋಶದೊಳಕ್ಕೆ ಎಳೆದುಕೊಳ್ಳುವುದು. ಚೆಲ್ಲಿದ್ದನ್ನು ಬಳಿಯುವ ಕೈ ಸೋತರೆ ಕೂಗು ನಿಲ್ಲುವುದು ತಡವಾಗುತ್ತದೆ. ಎಲ್ಲ ರೋಗಿಗಳಿಗೂ ಇದೊಂದೇ ಕಾರಣವೆಂದು ಮಾತ್ರ ತಿಳಿಯಬೇಡಿ. ಬೇರೆ ಬೇರೆ ಮನೆತನಗಳಲ್ಲಿ ಬೇರೆ ಬೇರೆ ಜೀನುಗಳು ಒಂದೇ ಬಚ್ಚಲುಮನೆಗೆ ಕರೆತರುವಂತೆ ಕಾಣುತ್ತದೆ.

ಈಗ ಚಿಕಿತ್ಸೆಯ ಮಾತು. ಮೂರ್ಛೆಗೆ ಮಾತ್ರೆಗಳಿವೆ, ಒಳ್ಳೆಯ ಮಾತ್ರೆಗಳೇ ಇವೆ. ಆದರೆ ಮಾತ್ರೆ ಮಳೆಯ ಹಾಗೆ. ಬೆಳೆಯ ಮೇಲೂ ಬೀಳುತ್ತದೆ, ಕಳೆಯ ಮೇಲೂ ಬೀಳುತ್ತದೆ, ಕಣದಲ್ಲಿ ಒಣಗಿಸಿದ ಭತ್ತದ ಮೇಲೂ ಬೀಳುತ್ತದೆ. ರಕ್ತದ ಮೂಲಕ ಮಿದುಳಿನ ಎಲ್ಲ ಕೋಶಗಳನ್ನೂ ತಟ್ಟುವುದರಿಂದಲೇ ಮೂರ್ಛೆಯ ಮಾತ್ರೆ ನುಂಗಿದ ವಿದ್ಯಾರ್ಥಿಗೆ ತರಗತಿಯಲ್ಲಿ ತೂಕಡಿಕೆ, ಓದಿದ್ದು ತಲೆಗೆ ಹತ್ತದಿರುವುದು. ಹಾಗಿದ್ದೂ ಎಲ್ಲ ಬಗೆಯ ಅಪಸ್ಮಾರಗಳನ್ನು ಒಟ್ಟಿಗೆ ಎಣಿಸಿದರೆ ಹತ್ತರಲ್ಲಿ ಮೂವರಿಗೆ ಯಾವ ಮಾತ್ರೆಯೂ ಪೂರ್ತಿ ಹಿಡಿತ ಕೊಡುವುದಿಲ್ಲ.

ಕಬಿನಿ ನಾಲೆಯ ಊರುಗಳವರಿಗೆ ನೀರುಗಂಟಿ ಗೊತ್ತು. ಅವನು ಮಳೆಯಂತೆ ಎಲ್ಲರ ಮೇಲೂ ಸುರಿಯುವವನಲ್ಲ. ಇವತ್ತು ಯಾರ ಗದ್ದೆಯ ಸರದಿಯೋ ಆ ಗದ್ದೆಯ ತೂಬನ್ನಷ್ಟೇ ಎತ್ತುತ್ತಾನೆ. ವಿಜ್ಞಾನಿಗಳು ಮಿದುಳಿಗೆ ಅಂಥ ನೀರುಗಂಟಿಯನ್ನು ಹುಡುಕುತ್ತ ಹೋಗಿ ವೈರಸ್ಸಿನ ಬಳಿ ನಿಂತರು.

ವೈರಸ್ ಎಂದೊಡನೆ ನೀವು ಹಿಂಜರಿಯುವುದು ಸಹಜ. ಹುಚ್ಚುನಾಯಿ ಕಡಿದರೆ ರೇಬೀಸ್ ವೈರಸ್ ಕಾಲಿನ ನರದೊಳಗೆ ಹೊಕ್ಕು, ಒಂದು ನರಕೋಶದಿಂದ ಇನ್ನೊಂದಕ್ಕೆ ಏರುತ್ತ ಮಿದುಳನ್ನು ತಲಪುತ್ತದೆ ಎಂಬುದನ್ನು ಓದಿದ್ದೀರಿ. ಅಂದರೆ ನಮ್ಮ ಯಾವ ವೈದ್ಯನಿಗೂ ಗೊತ್ತಿಲ್ಲದ ದಾರಿ ವೈರಸ್ಸಿಗೆ ಗೊತ್ತು. ಅದರ ವಿಷವನ್ನು ತೆಗೆದು ದಾರಿಯ ಜ್ಞಾನವನ್ನಷ್ಟೇ ಇಟ್ಟುಕೊಂಡರೆ? ಇದೇ ಮೂಲ ಯೋಚನೆ. ರೇಬೀಸ್ ವೈರಸ್ಸನ್ನು ಹೀಗೆ ಹಲ್ಲು ಕಿತ್ತು, ಪ್ರಯೋಗಾಲಯದಲ್ಲಿ ಯಾವ ನರಕೋಶ ಯಾವುದಕ್ಕೆ ಹೊಂದಿಕೊಂಡಿದೆ ಎಂದು ಗುರುತಿಸಲು ಬಳಸುತ್ತಾರೆ. ಚಿಕಿತ್ಸೆಗೆ ಬೇಕಾದದ್ದು ಇನ್ನೂ ಸಾಧುವಾದದ್ದು. ಅದು 1965ರಲ್ಲೇ ಸಿಕ್ಕಿತ್ತು: ಅಡಿನೊ ವೈರಸ್ಸಿನ ಮಾದರಿಯಲ್ಲಿ ಕಲಬೆರಕೆಯಾಗಿ ಕಂಡ ಒಂದು ಪುಟ್ಟ ವೈರಸ್. ಅದಕ್ಕೆ ಅಡಿನೊ-ಸಂಗಾತಿ ವೈರಸ್ ಎಂಬ ಹೆಸರಾಯಿತು, ಚಿಕ್ಕದಾಗಿ ಎಎವಿ. ಇದರ ಅಡ್ಡಳತೆ ಸುಮಾರು 25 ನ್ಯಾನೊಮೀಟರ್, ಅಂದರೆ ಒಂದು ಮಿಲಿಮೀಟರಿನೊಳಗೆ ಸಾಲಾಗಿ ನಲವತ್ತು ಸಾವಿರ ನಿಲ್ಲುತ್ತವೆ. ಇನ್ನೊಂದು ವೈರಸ್ಸಿನ ನೆರವಿಲ್ಲದೆ ಸಂತತಿ ಬೆಳೆಸಲಾರದು. ಇದರಿಂದ ಮನುಷ್ಯರಿಗೆ ಬರುವ ರೋಗ ಯಾವುದೂ ಖಚಿತವಾಗಿ ಗೊತ್ತಾಗಿಲ್ಲ.

ಎಎವಿಯ ಒಳಗಿನ ಡಿಎನ್ಎ ಸುಮಾರು 4,700 ಅಕ್ಷರಗಳ ಒಂದು ಎಳೆ. ಎರಡು ತುದಿಗಳನ್ನು ಮಾತ್ರ ಉಳಿಸಿ ನಡುವಿನ ವೈರಸ್ ಜೀನುಗಳನ್ನೆಲ್ಲ ತೆಗೆದುಹಾಕಿ, ಅಲ್ಲಿ ನಮಗೆ ಬೇಕಾದ ಜೀನನ್ನು ಕೂರಿಸುತ್ತಾರೆ. ಈಗ ಅದು ಹೊರಗಿನಿಂದ ವೈರಸ್, ಒಳಗೆ ನಮ್ಮ ಪತ್ರ. ಇದನ್ನೇ ವಾಹಕ ಅಥವಾ ವೆಕ್ಟರ್ ಎನ್ನುವುದು. ಅದು ನರಕೋಶದ ಕೇಂದ್ರವನ್ನು ಹೊಕ್ಕು ಬಹುಮಟ್ಟಿಗೆ ವರ್ಣತಂತುಗಳಿಗೆ ಅಂಟದೆ ಬಿಡಿಯಾಗಿ ಉಳಿಯುತ್ತದೆ. ನರಕೋಶಗಳು ವಿಭಜಿಸದ ಕಾರಣ ಪತ್ರ ವರ್ಷಗಟ್ಟಲೆ ಹಾಗೇ ಇರುತ್ತದೆ.

ಇನ್ನು ವಿಳಾಸ. ಪತ್ರಕ್ಕೆ ಊರು, ಬೀದಿ, ಮನೆ ಎಲ್ಲವೂ ಬೇಕಲ್ಲವೇ? ಊರನ್ನು ತೋರಿಸಲು ಸರಳ ಉಪಾಯವೆಂದರೆ ಸೂಜಿ: ಶಸ್ತ್ರವೈದ್ಯರು ತಲೆಬುರುಡೆಯಲ್ಲಿ ಸಣ್ಣ ರಂಧ್ರ ಮಾಡಿ ಮಿದುಳಿನ ಗೊತ್ತಾದ ಜಾಗಕ್ಕೇ ವಾಹಕವನ್ನು ಬಿಡುತ್ತಾರೆ. ಬೀದಿಯನ್ನು ತೋರಿಸುವುದು ವೈರಸ್ಸಿನ ಅಂಗಿ, ಅಂದರೆ ಅದರ ಹೊರಗಿನ ಪ್ರೋಟೀನಿನ ಕವಚ. ಕವಚ ಬದಲಾದರೆ ಅದು ಅಂಟಿಕೊಳ್ಳುವ ಕೋಶವೂ ಬದಲಾಗುತ್ತದೆ. ಎಎವಿ9 ಎಂಬ ಬಗೆಯಂತೂ ರಕ್ತಕ್ಕೆ ಕೊಟ್ಟರೂ ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ದಾಟುತ್ತದೆಂದು 2009ರಲ್ಲಿ ತಿಳಿಯಿತು.

ಆದರೆ ಒಂದೇ ಬೀದಿಯಲ್ಲಿ ಪ್ರಚೋದಿಸುವ ಕೋಶವೂ ಸುಮ್ಮನಿರಿಸುವ ಕೋಶವೂ ಗೋಡೆಗೆ ಗೋಡೆ ತಾಗಿ ವಾಸವಾಗಿವೆ. ವೈರಸ್ ಎರಡರ ಮನೆಗೂ ಹೋಗುತ್ತದೆ. ಇಲ್ಲಿ ತಪ್ಪಿದರೆ ಏನಾದೀತು ಎಂದು ಯೋಚಿಸಿ. ನರಕೋಶವನ್ನು ಶಾಂತಗೊಳಿಸುವ ಜೀನೊಂದನ್ನು ಕಳುಹಿಸಿದ್ದೇವೆ ಎಂದುಕೊಳ್ಳಿ. ಅದು ಕೂಗುವ ಕೋಶವನ್ನು ಹೊಕ್ಕರೆ ಮೂರ್ಛೆ ತಗ್ಗುತ್ತದೆ. ಸುಮ್ಮನಿರಿಸುವ ಕೋಶವನ್ನು ಹೊಕ್ಕರೆ ಬಾಯಿ ಮುಚ್ಚಿಸುವವನ ಬಾಯನ್ನೇ ಮುಚ್ಚಿಸಿದಂತಾಗಿ ಮೂರ್ಛೆ ಹೆಚ್ಚುತ್ತದೆ! ಆದ್ದರಿಂದ ಇಡೀ ವಿದ್ಯೆಯ ತಿರುಳು ಇರುವುದು ಮುಂದಿನ ಮೆಟ್ಟಿಲಿನಲ್ಲಿ.

ನಮ್ಮ ದೇಹದ ಬಹುಪಾಲು ಕೋಶಗಳಲ್ಲೂ ಇರುವುದು ಒಂದೇ ಜೀನುಗಳ ಗ್ರಂಥ. ಪಿತ್ತಕೋಶದ ಬಳಿಯ ಯಕೃತ್ತಿನ ಕೋಶ ಅದರ ಕೆಲವು ಪುಟಗಳನ್ನು ಓದುತ್ತದೆ, ನರಕೋಶ ಬೇರೆ ಪುಟಗಳನ್ನು ಓದುತ್ತದೆ. ಓದಿ, ಅದರಂತೆ ಪ್ರೋಟೀನ್ ತಯಾರಿಸುವುದಕ್ಕೆ ಜೀನಿನ ಅಭಿವ್ಯಕ್ತಿ ಎಂದು ಹೆಸರು. ಯಾವ ಪುಟ ಓದಬೇಕೆಂದು ನಿರ್ಧರಿಸುವುದು ಜೀನಿನ ಮುಂದೆ ಇರುವ ಪ್ರೊಮೋಟರ್ ಎಂಬ ಡಿಎನ್ಎ ತುಣುಕು. ಇದೇ ತೂಬು. ಇದನ್ನು ಎತ್ತುವ ಪ್ರೋಟೀನುಗಳು ಎಲ್ಲ ಕೋಶಗಳಲ್ಲೂ ಇರುವುದಿಲ್ಲ. ಕ್ಯಾಮ್‌ಕೈನೇಸ್ ಎಂಬ ಜೀನಿನ ಪ್ರೊಮೋಟರನ್ನು ನಮ್ಮ ಜೀನಿನ ಮುಂದೆ ಜೋಡಿಸಿದರೆ ಅದು ಹೆಚ್ಚಾಗಿ ಪ್ರಚೋದಿಸುವ ನರಕೋಶಗಳಲ್ಲಿ ತೆರೆಯುತ್ತದೆ. ಜಿಎಫ್ಎಪಿ ಎಂಬುದರ ಪ್ರೊಮೋಟರ್ ನರಕೋಶಗಳಿಗೆ ಆಸರೆಯಾದ ನಕ್ಷತ್ರಾಕಾರದ ಕೋಶಗಳಲ್ಲಿ ತೆರೆಯುತ್ತದೆ. ಗಾಬಾ ಕೋಶಗಳಲ್ಲಿ ಮಾತ್ರ ತೆರೆಯುವ ಡಿಎಲ್ಎಕ್ಸ್ ಎಂಬ ತುಣುಕನ್ನು ವಾಹಕಕ್ಕೆ ಅಳವಡಿಸಿದ್ದು 2016ರಲ್ಲಿ ಪ್ರಕಟವಾಯಿತು. ಪತ್ರ ಎಲ್ಲರ ಮನೆಗೂ ತಲುಪಲಿ, ಓದಲು ಬರುವುದು ಒಬ್ಬರಿಗೆ ಮಾತ್ರ ಎಂಬ ಜಾಣ್ಮೆ ಇದು.

ಇದಕ್ಕಿಂತ ಮುಂದಿನ ಜಾಣ್ಮೆಯೊಂದನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ವಿಜ್ಞಾನಿಗಳು 2022ರಲ್ಲಿ ಪ್ರಕಟಿಸಿದರು. ನರಕೋಶ ಅತಿಯಾಗಿ ಕೂಗಿದಾಗ ಅದರಲ್ಲಿ ಫಾಸ್ ಎಂಬ ಜೀನು ಎಚ್ಚರಗೊಳ್ಳುತ್ತದೆ. ಅದರ ಪ್ರೊಮೋಟರನ್ನು ತೆಗೆದು, ಕೋಶವನ್ನು ಶಾಂತಗೊಳಿಸುವ ಪೊಟ್ಯಾಸಿಯಂ ನಾಳದ ಜೀನಿನ ಮುಂದೆ ಇಟ್ಟರು. ಆಗ ಮೂರ್ಛೆಯಲ್ಲಿ ಪಾಲ್ಗೊಂಡ ಕೋಶದಲ್ಲಿ ಮಾತ್ರ ಔಷಧ ತಯಾರಾಗುತ್ತದೆ. ಕೂಗು ತಗ್ಗಿದ ಮೇಲೆ ತೂಬು ತಾನೇ ಇಳಿಯುತ್ತದೆ. ಇಲಿಗಳಲ್ಲಿ ಇದು ಮೂರ್ಛೆಯನ್ನು ತಗ್ಗಿಸಿತು, ಉಳಿದ ನಡವಳಿಕೆ ಕೆಡಲಿಲ್ಲ. ಇದನ್ನು ಓದಿದಾಗ ನನಗೆ ಕಪಿಲೆಯ ದಂಡೆಯ ಬಚ್ಚಲುಮನೆಯೇ ನೆನಪಾಯಿತು. ವಾರಕ್ಕೋ ಹದಿನೈದು ದಿನಕ್ಕೋ ಒಮ್ಮೆ ಎರಡು ನಿಮಿಷ ಕೆರಳುವ ಕೋಶಗಳಿಗೆ ಉಳಿದ ದಿನವೆಲ್ಲ ಮಾತ್ರೆಯ ಮಂಪರು ಏಕೆ ಬೇಕು?

ಆದರೆ ಅಲ್ಲಿಗೆ ಜಿಗಿಯುವ ಮುನ್ನ ಚೀಲದ ಅಳತೆ ನೋಡಬೇಕು. ಎಎವಿಯಲ್ಲಿ ಹಿಡಿಸುವುದು 4,700 ಅಕ್ಷರ, ಅಷ್ಟೇ. ಲೆಕ್ಕ ನೀವೇ ಮಾಡಿ: ಒಂದು ಅಮೈನೊ ಆಮ್ಲಕ್ಕೆ ಮೂರು ಅಕ್ಷರ. ಬಿಸಿನೀರಿನ ಮೂರ್ಛೆಯ ಕೆಲವರಲ್ಲಿ ಬದಲಾಗಿರುವ ಎಸ್ಎಲ್‌ಸಿ1ಎ1 ಪ್ರೋಟೀನಿನಲ್ಲಿ 524 ಅಮೈನೊ ಆಮ್ಲಗಳು; ಸುಮಾರು 1,600 ಅಕ್ಷರ ಸಾಕು, ತೂಬನ್ನು ಇಡಲೂ ಜಾಗ ಉಳಿಯುತ್ತದೆ. ಡ್ರಾವೆ ಸಿಂಡ್ರೋಮ್ ಎಂಬ ಇನ್ನೊಂದು ರೋಗವನ್ನು ನೋಡಿ. ಅಲ್ಲಿಯೂ ಬಿಸಿಯೇ ಶತ್ರು. ಜ್ವರ ಏರಿದರೆ, ಕೆಲವು ಮಕ್ಕಳಿಗೆ ಬಿಸಿನೀರಿನ ಸ್ನಾನದಿಂದಲೂ, ಮೂರ್ಛೆ ಬರುತ್ತದೆ. ಅದು ಬಿಸಿನೀರಿನ ಮೂರ್ಛೆಗಿಂತ ಬಹಳ ಕ್ರೂರ. ಮಗುವಿನ ಬೆಳವಣಿಗೆಯೇ ಕುಂಠಿತವಾಗುತ್ತದೆ. ಅದಕ್ಕೆ ಕಾರಣವಾದ ಎಸ್‌ಸಿಎನ್1ಎ ಜೀನಿನ ಪ್ರೋಟೀನಿನಲ್ಲಿ 2,009 ಅಮೈನೊ ಆಮ್ಲಗಳಿವೆ, ಅಂದರೆ 6,000 ಅಕ್ಷರ ಮೀರಿತು. ಚೀಲದಲ್ಲಿ ಹಿಡಿಸದು. ವಿಜ್ಞಾನಿಗಳು ಏನು ಮಾಡಿದರು ಗೊತ್ತೇ? ಮಗುವಿನ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಪ್ರತಿ ಚೆನ್ನಾಗಿಯೇ ಇರುತ್ತದೆ. ಆ ಒಳ್ಳೆಯ ಪ್ರತಿಯನ್ನೇ ಜೋರಾಗಿ ಓದಿಸುವ ಚಿಕ್ಕ ಪ್ರೋಟೀನೊಂದರ ಜೀನನ್ನು, ಗಾಬಾ ಕೋಶದಲ್ಲಿ ಮಾತ್ರ ತೆರೆಯುವ ತೂಬಿನೊಡನೆ ಕಳುಹಿಸಿದರು. ಇದನ್ನು ಮಕ್ಕಳ ಮೇಲೆ ಪ್ರಯೋಗಿಸುವುದು 2024ರಲ್ಲಿ ಹೊರದೇಶಗಳಲ್ಲಿ ಆರಂಭವಾಯಿತು.

ಇವೆಲ್ಲ ಕಾಗದದ ಮೇಲಿನ ಮಾತಲ್ಲ ಎನ್ನುವುದಕ್ಕೆ ಒಂದು ನಿದರ್ಶನವಿದೆ. ಎಎಡಿಸಿ ಎಂಬ ಕಿಣ್ವವಿಲ್ಲದೆ ಹುಟ್ಟಿ, ಕತ್ತು ಸಹ ನಿಲ್ಲದ ಮಕ್ಕಳ ಮಿದುಳಿನ ಒಂದು ಭಾಗಕ್ಕೆ ಆ ಜೀನನ್ನು ಸೂಜಿಯಿಂದ ಬಿಡುವ ಚಿಕಿತ್ಸೆಗೆ ಯೂರೋಪಿನಲ್ಲಿ 2022ರಲ್ಲಿ, ಅಮೆರಿಕದಲ್ಲಿ 2024ರಲ್ಲಿ ಅನುಮತಿ ದೊರೆಯಿತು. ಕೆಲವು ಮಕ್ಕಳು ಕತ್ತು ನಿಲ್ಲಿಸಿದ್ದಾರೆ, ಕುಳಿತಿದ್ದಾರೆ.

ಮುಗ್ಗರಿಸಿದ ಕಥೆಗಳೂ ಇವೆ, ಅವನ್ನು ಮುಚ್ಚಿಡಬಾರದು. 1999ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಜೆಸ್ಸಿ ಗೆಲ್ಸಿಂಗರ್ ಎಂಬ 18 ವರ್ಷದ ಯುವಕ ಯಕೃತ್ತಿನ ರೋಗಕ್ಕಾಗಿ ಅಡಿನೊ ವೈರಸ್ ವಾಹಕವನ್ನು ಪಡೆದು, ದೇಹದ ರಕ್ಷಣಾ ವ್ಯವಸ್ಥೆ ಸಿಡಿದೆದ್ದು, ನಾಲ್ಕು ದಿನದಲ್ಲಿ ತೀರಿಕೊಂಡ. ಆಮೇಲೆ ಹಲವು ವರ್ಷ ಈ ಕ್ಷೇತ್ರವೇ ಮಂಕಾಯಿತು. 2016ರಲ್ಲಿ ಪಿಎಚ್‌ಪಿ.ಬಿ ಎಂಬ ಹೊಸ ಕವಚ ಇಲಿಯ ಮಿದುಳಿನೊಳಕ್ಕೆ ಎಎವಿ9ಕ್ಕಿಂತ ಹತ್ತಾರು ಪಟ್ಟು ಚೆನ್ನಾಗಿ ನುಗ್ಗಿತು. ಎಲ್ಲರೂ ಹಿಗ್ಗಿದರು. ಮಂಗಗಳಿಗೆ ಕೊಟ್ಟಾಗ ಆ ಚಮತ್ಕಾರ ಕಾಣಲಿಲ್ಲ. ಇನ್ನೊಂದು ತಳಿಯ ಇಲಿಗೂ ನುಗ್ಗಲಿಲ್ಲ! ಮೊದಲ ತಳಿಯ ಇಲಿಯ ರಕ್ತನಾಳದಲ್ಲಿದ್ದ ಒಂದು ಪ್ರೋಟೀನೇ ಅದಕ್ಕೆ ಬಾಗಿಲು ತೆರೆದಿತ್ತು ಎಂದು ತಿಳಿದದ್ದು 2019ರಲ್ಲಿ. ಜೊತೆಗೆ, ನಮ್ಮಲ್ಲಿ ಅನೇಕರಿಗೆ ಎಎವಿ ಎಂದೋ ತಗುಲಿ ಹೋಗಿರುವುದರಿಂದ ರಕ್ತದಲ್ಲಿ ಅದಕ್ಕೆ ಎದುರಾಳಿಗಳು ಸಿದ್ಧವಾಗಿರುತ್ತವೆ. ಮಾತ್ರೆಯನ್ನು ನಾಳೆ ನಿಲ್ಲಿಸಬಹುದು. ಒಮ್ಮೆ ಒಳಗೆ ಬಿಟ್ಟ ವಾಹಕವನ್ನು ಹಿಂದಕ್ಕೆ ಕರೆಯಲಾಗದು.

ಬೆಲೆಯ ಮಾತೂ ಇದೆ. ಮಕ್ಕಳ ಬೆನ್ನುಹುರಿಯ ರೋಗವೊಂದಕ್ಕೆ ಎಎವಿ9 ಬಳಸುವ ಔಷಧ 2019ರಲ್ಲಿ ಬಂದಾಗ ಅದರ ಬೆಲೆ 21 ಲಕ್ಷ ಡಾಲರ್ ಮೀರಿತ್ತು. ನಮ್ಮ ಪತ್ರಿಕೆಗಳಲ್ಲಿ 16 ಕೋಟಿ ರೂಪಾಯಿಯ ಚುಚ್ಚುಮದ್ದು ಎಂದು ನೀವು ಓದಿರುವುದು ಇದನ್ನೇ. ದೇಶದಲ್ಲೇ ತಯಾರಿಸುವ ವಿದ್ಯೆ ಬೆಳೆಯದೆ ಇದು ನಮ್ಮ ಹಳ್ಳಿಗೆ ಬಾರದು. ಅದು ಆಗದ ಮಾತೇನಲ್ಲ. ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯ ಅಂಗವಾಗಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿರುವ ಕೇಂದ್ರವು ಬೇರೊಂದು ಬಗೆಯ ವೈರಸ್ ವಾಹಕದಿಂದ ಐವರು ಹಿಮೋಫಿಲಿಯಾ ರೋಗಿಗಳಿಗೆ ಚಿಕಿತ್ಸೆ ನೀಡಿ 2024ರಲ್ಲಿ ಫಲಿತಾಂಶ ಪ್ರಕಟಿಸಿದೆ. ಅದು ಮಿದುಳಲ್ಲ, ರಕ್ತ. ಆದರೂ ದಾರಿ ಅದೇ.

ಹಾಗಾದರೆ ನಂಜನಗೂಡಿನ ಹುಡುಗ ಅಲ್ಲಿಯವರೆಗೆ ಕಾಯಬೇಕೇ? ಖಂಡಿತ ಇಲ್ಲ. ನನ್ನನ್ನು ಕೇಳಿದರೆ, ಬಿಸಿನೀರಿನ ಮೂರ್ಛೆಯ ಬಹುಪಾಲು ಜನರ ತಲೆಬುರುಡೆಗೆ ಸೂಜಿ ತಾಗಿಸುವ ಅಗತ್ಯವೇ ಇಲ್ಲ. ನೀರನ್ನು ಉಗುರುಬೆಚ್ಚಗೆ ಮಾಡಿದರೆ, ತಲೆಗೆ ಸುರಿಯದೆ ಒದ್ದೆ ಬಟ್ಟೆಯಿಂದ ಒರೆಸಿಕೊಂಡರೆ ಅನೇಕರಿಗೆ ಮೂರ್ಛೆ ನಿಲ್ಲುತ್ತದೆ. ನಿಲ್ಲದವರಿಗೆ ತಲೆಸ್ನಾನಕ್ಕೆ ಒಂದೆರಡು ಗಂಟೆ ಮುಂಚೆ ಮಾತ್ರ ಕ್ಲೋಬಜಾಮ್ ಮಾತ್ರೆ ಕೊಡುವ ಪದ್ಧತಿಯನ್ನು ನಿಮ್ಹಾನ್ಸ್‌ನ ವೈದ್ಯರೇ ರೂಢಿಗೆ ತಂದಿದ್ದಾರೆ. ಅದನ್ನು ವೈದ್ಯರು ಬರೆದುಕೊಟ್ಟ ಮೇಲೇ ತೆಗೆದುಕೊಳ್ಳಬೇಕು. ಆದರೆ ಅಲಕ್ಷ್ಯ ಮಾಡಿದ ಕೆಲವರಿಗೆ ವರ್ಷಗಳ ಮೇಲೆ ಬಿಸಿನೀರಿಲ್ಲದೆಯೂ ಮೂರ್ಛೆ ಬರತೊಡಗುತ್ತದೆ. ವಾಹಕಗಳ ವಿದ್ಯೆ ಎಂದಾದರೂ ಬೇಕಾಗುವುದು ಅಂಥವರಲ್ಲೂ ಮಾತ್ರೆ ಸೋತವರಿಗೆ.

ಮುಚ್ಚಿಡುವುದಕ್ಕೆ ದೊಡ್ಡ ಕಾರಣ ಮದುವೆಯ ಚಿಂತೆ. ಹಿಂದೂ ವಿವಾಹ ಕಾಯಿದೆಯಲ್ಲಿ ಮದುವೆಗೆ ಅಡ್ಡಿಯಾಗಿ ನಮೂದಿಸಿದ್ದ ಅಪಸ್ಮಾರ ಎಂಬ ಪದವನ್ನು 1999ರಲ್ಲೇ ಕಿತ್ತುಹಾಕಲಾಗಿದೆ ಎಂಬುದನ್ನು ನಿಮ್ಮ ಮನೆಯ ಹಿರಿಯರಿಗೆ ಓದಿ ಹೇಳಿ.

ನಿಮ್ಮ ಓಣಿಯಲ್ಲಿ ಅಂಥ ಹುಡುಗನಿದ್ದರೆ, ಬಚ್ಚಲಿನ ಚಿಲಕ ಹಾಕಿಕೊಳ್ಳಬೇಡ, ಹೊಳೆಗೆ ಒಬ್ಬನೇ ಇಳಿಯಬೇಡ ಎನ್ನಿ. ಮೂರ್ಛೆ ಬಂದಾಗ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನನ್ನೂ ಇಡಬೇಡಿ, ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ಒಂದು ನೋಟ್ ಪುಸ್ತಕದಲ್ಲಿ ತಲೆಸ್ನಾನದ ದಿನ, ನೀರಿನ ಬಿಸಿ, ಎಷ್ಟನೆಯ ಚೊಂಬಿಗೆ ಏನಾಯಿತು, ಮನೆತನದಲ್ಲಿ ಇನ್ನಾರಿಗೆ ಇತ್ತು ಎಂದು ಬರೆದಿಟ್ಟು ವೈದ್ಯರ ಬಳಿ ಕೊಂಡೊಯ್ಯಲು ಹೇಳಿ. 4ನೇ ಮತ್ತು 10ನೇ ವರ್ಣತಂತುಗಳವರೆಗೆ ಸಾಗಿದ ಹುಡುಕಾಟಕ್ಕೆ ಮೊದಲು ಸಿಕ್ಕ ಸುಳಿವೂ ರೋಗಿಗಳು ಹೇಳಿದ ಇಂಥ ವಿವರಗಳೇ.